ಯಾವ ದೇಶದ ಬಿಯರ್ ಮೇಲು? ಕುಡಿದು ನೋಡಿದವರು ಹೇಳಿ

ನಾವು ಆರು ಜನ ಗೆಳೆಯರು ಬರುವ ತಿಂಗಳು ಒಂದು ಸಂಜೆ ಸೇರಿ, ಬೇರೆ ಬೇರೆ ದೇಶದ ಬಿಯರ್‌ಗಳನ್ನು ಅಕ್ಕಪಕ್ಕ ಇಟ್ಟು ರುಚಿ ನೋಡಬೇಕು ಅಂದುಕೊಂಡಿದ್ದೇವೆ. ಇಷ್ಟು ದಿನ ಕುಡಿದದ್ದೆಲ್ಲ ತಿಳಿ ಹಳದಿ ಲಾಗರ್ (ತಂಪಿನಲ್ಲಿ ನಿಧಾನವಾಗಿ ಹುದುಗಿಸುವ ಬಿಯರ್) ಮಾತ್ರ. ಒಬ್ಬ ಜರ್ಮನಿ ಬಿಟ್ಟರೆ ಬೇರೆ ಬಿಯರೇ ಇಲ್ಲ ಅಂತಾನೆ, ಇನ್ನೊಬ್ಬಳು ಬೆಲ್ಜಿಯಂ ಅಂತ ಹಟ ಹಿಡಿದಿದ್ದಾಳೆ. ಸದ್ಯಕ್ಕೆ ನಾನು ಹಾಕಿಕೊಂಡ ಲೆಕ್ಕ ಇದು: ಎಂಟು ದೇಶ, ಎಂಟು ಬಾಟಲಿ, ಪ್ರತಿಯೊಂದಕ್ಕೂ ಹತ್ತರಲ್ಲಿ ಇಷ್ಟು ಅಂತ ಅಂಕ. ಹೀಗೆ ಮಾಡಿದರೆ ಸರಿಯೇ? ಆಯಾ ದೇಶಕ್ಕೇ ಹೋಗಿ ಕುಡಿದವರು ಇದ್ದರೆ ದಯವಿಟ್ಟು ಅನುಭವ ಹೇಳಿ.

ಉತ್ತರ 1

ನಾನು ಜೆಕ್ ಗಣರಾಜ್ಯದಲ್ಲಿ ಎರಡು ವರ್ಷ ಕೆಲಸ ಮಾಡಿದವನು. ಲಾಗರ್ ಮಟ್ಟಿಗೆ ಜೆಕ್‌ನವರದ್ದೇ ಮೇಲು ಅಂತ ಎದೆ ತಟ್ಟಿ ಹೇಳುತ್ತೇನೆ. ನೀವು ಇಷ್ಟು ದಿನ ಕುಡಿದ ತಿಳಿ ಹಳದಿ ಲಾಗರ್‌ನ ತವರು ಅವರ ಪಿಲ್ಸೆನ್ ಊರು. 1838ರಲ್ಲಿ ಅಲ್ಲಿನ ಬಿಯರ್ ಎಷ್ಟು ಕೆಟ್ಟಿತ್ತೆಂದರೆ, ಪುರಭವನದ ಮುಂದೆಯೇ 36 ಪೀಪಾಯಿ ಸುರಿದುಬಿಟ್ಟರು. ಆಮೇಲೆ ಊರವರೇ ಸೇರಿ ಹೊಸ ಬ್ರೂವರಿ ಕಟ್ಟಿ, ಬವೇರಿಯಾದಿಂದ ಯೋಸೆಫ್ ಗ್ರೋಲ್ ಎಂಬ ಬ್ರೂವರ್‌ನನ್ನು ಕರೆಸಿಕೊಂಡರು. 1842ರ ಅಕ್ಟೋಬರ್‌ನಲ್ಲಿ ಅವನು ಇಳಿಸಿದ ಬಿಯರೇ ಪಿಲ್ಸ್ನರ್. ಹದವಾಗಿ ಮಾತ್ರ ಒಣಗಿಸಿದ ತಿಳಿ ಬಣ್ಣದ ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿ), ಖನಿಜಾಂಶ ತೀರಾ ಕಡಿಮೆ ಇರುವ ಅಲ್ಲಿನ ಮೆದು ನೀರು, ಪಕ್ಕದ ಜಾಟೆಟ್ಸ್ ಸೀಮೆಯ ಹಾಪ್ಸ್ (ಕಹಿ, ಪರಿಮಳ ಕೊಡುವ ಹೂ), ಬವೇರಿಯಾದ ಲಾಗರ್ ಯೀಸ್ಟ್ (ಹುದುಗಿಸುವ ಸೂಕ್ಷ್ಮಜೀವಿ). ಈ ನಾಲ್ಕೂ ಒಂದು ಕಡೆ ಕೂಡಿದ್ದರಿಂದ ಬಂಗಾರದ ಬಣ್ಣ ಬಂತು.

ಅದನ್ನು ಪಿಲ್ಸೆನ್‌ನಲ್ಲಿ ಟ್ಯಾಂಕಿನಿಂದ ಇಳಿಸಿ ಕೊಟ್ಟಾಗ ನನಗೆ ನಂಬಲಾಗಲಿಲ್ಲ. ಪಾಶ್ಚರೀಕರಣ ಮಾಡದ ಬಿಯರನ್ನು ಟ್ಯಾಂಕರ್‌ನಲ್ಲಿ ತಂದು ಪಬ್ಬಿನ ತಣ್ಣನೆಯ ತೊಟ್ಟಿಗೆ ತುಂಬುತ್ತಾರೆ. ಮೊದಲು ಬ್ರೆಡ್ಡಿನ ಹೊರಪದರದಂಥ ಸಿಹಿ, ತುಸು ಬೆಣ್ಣೆಯ ಛಾಯೆ, ಹಿಂದೆಯೇ ನಾಲಗೆಯ ಬುಡ ಹಿಡಿಯುವ ಕಹಿ. ಆ ಕಹಿ ಚುಚ್ಚುವುದಿಲ್ಲ, ಇನ್ನೊಂದು ಗುಟುಕು ಕೇಳುತ್ತದೆ. ಇಷ್ಟೆಲ್ಲ ಇದ್ದೂ ಆಲ್ಕೋಹಾಲ್ ಶೇ. 4.4 ಮಾತ್ರ.

ನೊರೆಯ ಬಗ್ಗೆ ನನ್ನ ಕಣ್ಣು ತೆರೆದದ್ದೂ ಅಲ್ಲೇ. ನೊರೆ ಜಾಸ್ತಿ ಬಂದರೆ ಮೋಸ ಮಾಡಿದರು ಅಂತ ನಾನು ತಿಳಿದಿದ್ದೆ. ಅಲ್ಲಿ ಮೊದಲು ಒದ್ದೆ ನೊರೆ ತುಂಬಿಸಿ ಅದರ ಕೆಳಗೆ ಬಿಯರ್ ಹರಿಸುತ್ತಾರೆ. ಆ ನೊರೆ ಗಾಳಿ ತಾಗದಂತೆ ಮುಚ್ಚಳದ ಕೆಲಸ ಮಾಡುತ್ತದೆ. ‘ಮ್ಲೀಕೊ’ ಅಂದರೆ ಹಾಲು ಅಂತ ಹೆಸರಿಟ್ಟು ಬರೀ ನೊರೆಯ ಗ್ಲಾಸನ್ನೇ ಕೊಡುವುದೂ ಉಂಟು. ಒಂದು ಎಚ್ಚರಿಕೆ: ಬಾಟಲಿ ಮೇಲೆ 10, 12 ಅಂತ ಡಿಗ್ರಿ ಗುರುತು ಕಂಡರೆ ಅದು ಆಲ್ಕೋಹಾಲ್ ಪ್ರಮಾಣ ಅಂತ ಗಾಬರಿಯಾಗಬೇಡಿ. ಹುದುಗುವ ಮೊದಲು ದ್ರವದಲ್ಲಿ ಎಷ್ಟು ಸಕ್ಕರೆ ಅಂಶ ಇತ್ತು ಎಂಬ ಲೆಕ್ಕ ಅದು.

ಉತ್ತರ 2

ಮೇಲಿನವರು ಹೇಳಿದ ಯೋಸೆಫ್ ಗ್ರೋಲ್ ಬವೇರಿಯಾದವನು, ಅಂದರೆ ಜರ್ಮನಿಯ ಕಡೆಯವನೇ ಅನ್ನುವುದನ್ನು ಮೊದಲು ನೆನಪಿಸುತ್ತೇನೆ.

ಜರ್ಮನಿ ಅಂದ ಕೂಡಲೇ ಎಲ್ಲರೂ 1516ರ ಬವೇರಿಯಾದ ಶುದ್ಧತೆಯ ಕಾಯಿದೆ ಎತ್ತುತ್ತಾರೆ. ಬಾರ್ಲಿ, ಹಾಪ್ಸ್, ನೀರು, ಇಷ್ಟೇ. ಯೀಸ್ಟ್ ಒಂದು ಜೀವಿ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ, ಅದರ ಹೆಸರೂ ಆ ಕಾಯಿದೆಯಲ್ಲಿ ಇಲ್ಲ. ಆದರೆ ನನಗೆ ಜರ್ಮನಿ ಮೆಚ್ಚುಗೆಯಾದದ್ದು ಕಾಯಿದೆಗಲ್ಲ. ಒಂದು ಊರಿಂದ ಇನ್ನೊಂದು ಊರಿಗೆ ಹೋದರೆ ಬಿಯರೇ ಬೇರೆ! ಕಲೋನ್‌ನಲ್ಲಿ 200 ಮಿಲಿಯ ತೆಳ್ಳಗಿನ ನೀಳ ಗ್ಲಾಸಿನಲ್ಲಿ ತಿಳಿಯಾದ ಕೋಲ್ಶ್. ಖಾಲಿಯಾದ ಹಾಗೆ ಕೇಳದೆಯೇ ಹೊಸದು ತಂದಿಡುತ್ತಾರೆ, ಸಾಕು ಅನ್ನಲು ಗ್ಲಾಸಿನ ಕೆಳಗಿಡುವ ರಟ್ಟನ್ನು ಅದರ ಮೇಲೆ ಮುಚ್ಚಬೇಕು. ಅಲ್ಲಿಂದ ರೈಲಿನಲ್ಲಿ ಸ್ವಲ್ಪ ದೂರದ ಡ್ಯೂಸೆಲ್‌ಡಾರ್ಫ್‌ಗೆ ಹೋದರೆ ತಾಮ್ರದ ಬಣ್ಣದ ಕಹಿ ಆಲ್ಟ್‌ಬಿಯರ್. ಎರಡೂ ಊರಿನವರು ಒಬ್ಬರ ಬಿಯರನ್ನು ಇನ್ನೊಬ್ಬರು ಒಪ್ಪುವುದಿಲ್ಲ.

ಬಾಂಬರ್ಗ್‌ನದ್ದಂತೂ ಬೇರೆಯೇ ಲೋಕ. ಅಲ್ಲಿ ಬೀಚ್ ಮರದ ಕಟ್ಟಿಗೆ ಉರಿಸಿ, ಅದರ ಹೊಗೆಯಲ್ಲಿ ಮಾಲ್ಟ್ ಒಣಗಿಸುತ್ತಾರೆ. ಷ್ಲೆಂಕರ್ಲಾ ಪಬ್ಬಿನಲ್ಲಿ ಮೊದಲ ಗ್ಲಾಸು ಬಂದಾಗ ಸೌದೆ ಒಲೆಯ ಮುಂದೆ ಕೂತ ಹಾಗಾಯಿತು, ಅರ್ಧಕ್ಕೇ ಬಿಡೋಣ ಅನ್ನಿಸಿತು. ಎರಡನೆಯದರಲ್ಲಿ ಹೊಗೆ ಹಿಂದೆ ಸರಿದು ಮಾಲ್ಟಿನ ಸಿಹಿ ಮುಂದೆ ಬಂತು. ಮೂರನೆಯದು ಮುಗಿಯುವ ಹೊತ್ತಿಗೆ ಇದಕ್ಕಾಗಿಯೇ ಇನ್ನೊಮ್ಮೆ ಬರಬೇಕು ಅಂತ ತೀರ್ಮಾನಿಸಿದ್ದೆ. ಒಂದೊಂದು ಗುಟುಕು ನೋಡಿ ಅಂಕ ಹಾಕುವ ನಿಮ್ಮ ಪದ್ಧತಿಯಲ್ಲಿ ಈ ಬಿಯರ್‌ಗೆ ಎರಡೋ ಮೂರೋ ಬರುತ್ತಿತ್ತು, ಅದು ಅನ್ಯಾಯ.

ನಿಮ್ಮ ಸಂಜೆಗೆ ಬವೇರಿಯಾದ ಗೋಧಿ ಬಿಯರ್ ಒಂದನ್ನು ಖಂಡಿತ ತನ್ನಿ. ಬಾಳೆಹಣ್ಣು, ಲವಂಗದ ಪರಿಮಳ ಬರುತ್ತದೆ. ಅದನ್ನು ಯಾರೂ ಬೆರೆಸಿರುವುದಿಲ್ಲ, ಹುದುಗುವಾಗ ಯೀಸ್ಟೇ ಹುಟ್ಟಿಸುವ ವಾಸನೆ. ಬಾಟಲಿಯ ತಳದಲ್ಲಿ ಕೂತ ಗಸಿಯನ್ನೂ ಕೊನೆಯಲ್ಲಿ ಅಲುಗಿಸಿ ಗ್ಲಾಸಿಗೆ ಬಗ್ಗಿಸಬೇಕು.

ಉತ್ತರ 3

ಜರ್ಮನಿಯ ಕಾಯಿದೆಯ ಬಗ್ಗೆ ನನಗೆ ಗೌರವ ಇದೆ. ಆದರೆ ಯೀಸ್ಟೂ ಸೇರಿ ನಾಲ್ಕೇ ಪದಾರ್ಥ ಅಂತ ಗೆರೆ ಎಳೆದರೆ ಕಳೆದುಕೊಳ್ಳುವುದೂ ಬಹಳ ಇದೆ. ಬೆಲ್ಜಿಯಂನ ಹೂಗಾರ್ಡನ್ ಊರಿನ ಬಿಳಿ ಗೋಧಿ ಬಿಯರನ್ನು ನೋಡಿ: ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. 1950ರ ದಶಕದಲ್ಲಿ ಆ ಊರಿನ ಕೊನೆಯ ಬ್ರೂವರಿಯೂ ಮುಚ್ಚಿ, ಆ ಬಗೆಯೇ ಅಳಿದುಹೋಗಿತ್ತು. ಪಿಯೆರ್ ಸೆಲಿಸ್ ಎಂಬವರು 1960ರ ದಶಕದಲ್ಲಿ ಅದನ್ನು ಮತ್ತೆ ಬದುಕಿಸಿದರು. ಅವರು ಕೈಹಾಕದಿದ್ದರೆ ಇವತ್ತು ನಾವ್ಯಾರೂ ಅದನ್ನು ಕುಡಿಯುತ್ತಿರಲಿಲ್ಲ.

ಬೆಲ್ಜಿಯಂನವರು ಮೇಲು ಅಂತ ನಾನು ಹೇಳಲು ಕಾರಣ ಲ್ಯಾಂಬಿಕ್. ಬ್ರಸೆಲ್ಸ್ ಸುತ್ತಮುತ್ತ ಚಳಿಗಾಲದಲ್ಲಿ ಮಾತ್ರ ಮಾಡುವ ಬಿಯರ್ ಇದು. ಕುದಿಸಿದ ದ್ರವವನ್ನು ಅಗಲವಾದ, ಆಳವಿಲ್ಲದ ಲೋಹದ ತೊಟ್ಟಿಯಲ್ಲಿ ರಾತ್ರಿಯಿಡೀ ತೆರೆದಿಡುತ್ತಾರೆ. ಯೀಸ್ಟ್ ಅಂತ ಏನೂ ಹಾಕುವುದಿಲ್ಲ, ಗಾಳಿಯಲ್ಲಿ, ಕಟ್ಟಡದಲ್ಲಿ, ಮರದ ಪೀಪಾಯಿಯಲ್ಲಿ ಇರುವ ಸೂಕ್ಷ್ಮಜೀವಿಗಳೇ ಬಂದು ಹುದುಗಿಸಬೇಕು. ಬ್ರಸೆಲ್ಸ್‌ನ ಕಾಂತಿಯೋಂ 1900ರಲ್ಲಿ ಶುರುವಾದ ಬ್ರೂವರಿ, ಇವತ್ತಿಗೂ ಇದನ್ನು ಮಾಡುತ್ತದೆ. ಅಲ್ಲಿ ಮಹಡಿಯ ಸೂರಿನಡಿ ಆ ತಾಮ್ರದ ತೊಟ್ಟಿ ನೋಡಿದೆ. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಹದ ನೋಡಿ ಬೆರೆಸಿ ಬಾಟಲಿಗೆ ತುಂಬಿದರೆ ಅದು ಗೂಸ್. ಎಳೆಯದರಲ್ಲಿ ಉಳಿದ ಸಕ್ಕರೆ ಬಾಟಲಿಯೊಳಗೆ ಮತ್ತೆ ಹುದುಗಿ ಗುಳ್ಳೆ ಏಳುತ್ತದೆ. ಕುಡಿದರೆ ಕಟು ಹುಳಿ, ಒಗರು, ಹಳೆಯ ಮರ, ಒದ್ದೆ ಹುಲ್ಲು. ಲಾಗರ್ ಕುಡಿದು ಅಭ್ಯಾಸವಾದವರು ಮೊದಲ ಗುಟುಕಿಗೆ ಕೆಟ್ಟುಹೋಗಿದೆ ಅಂತಾರೆ. ನಾನೂ ಅಂದಿದ್ದೆ. ಈಗ ನನಗೆ ಒಂದೇ ಬಿಯರ್ ಆರಿಸು ಅಂದರೆ ಗೂಸ್.

ಟ್ರಾಪಿಸ್ಟ್ ಸನ್ಯಾಸಿಗಳ ಮಠದ ಬಿಯರ್‌ಗಳಲ್ಲಿ ವೆಸ್ಟ್‌ಮಾಲೆ ಟ್ರಿಪಲ್ ತನ್ನಿ, ಬಣ್ಣ ತಿಳಿ, ಆಲ್ಕೋಹಾಲ್ ಮಾತ್ರ ಶೇ. 9.5. ರೋಷ್‌ಫೋರ್ 10 ಶೇ. 11.3, ಕಪ್ಪಗೆ, ಒಣದ್ರಾಕ್ಷಿಯ ಘಮ. ಇವನ್ನು ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿಯಬೇಡಿ. ಅರ್ಧ ಗಂಟೆ ಹೊರಗಿಡಿ, ಪರಿಮಳ ಬಿಡುವುದೇ ಆಮೇಲೆ.

ಉತ್ತರ 4

ಮನೆಯಲ್ಲಿ ಬಿಯರ್ ಮಾಡುವ ಹವ್ಯಾಸ ಇರುವವನು ನಾನು. ಇಲ್ಲಿ ಎಲ್ಲರೂ ಹೇಳಿದ ಅನುಭವ ಗಮನಿಸಿ: ಪಿಲ್ಸೆನ್‌ನಲ್ಲಿ ಕುಡಿದೆ, ಬಾಂಬರ್ಗ್‌ನಲ್ಲಿ ಕುಡಿದೆ, ಬ್ರಸೆಲ್ಸ್‌ನಲ್ಲಿ ಕುಡಿದೆ. ನಿಮ್ಮ ಮೇಜಿಗೆ ಬರುವುದು ಹಡಗಿನಲ್ಲಿ ತಿಂಗಳುಗಟ್ಟಲೆ ಬಿಸಿ ತಿಂದ ಬಾಟಲಿ. ದೇಶ ದೇಶದ ಪೈಪೋಟಿ ಅಂದುಕೊಂಡು ಕೂತರೆ, ನಿಜವಾಗಿ ನೀವು ಅಂಕ ಕೊಡುವುದು ಯಾವ ಬಾಟಲಿ ಚೆನ್ನಾಗಿ ಪ್ರಯಾಣ ಮಾಡಿತು ಅನ್ನುವುದಕ್ಕೆ.

ಬಿಯರ್‌ಗೆ ಮೂರು ಶತ್ರುಗಳು: ಬೆಳಕು, ಬಿಸಿ, ಆಮ್ಲಜನಕ. ಹಾಪ್ಸ್‌ನ ಕಹಿ ಅಂಶ ಬೆಳಕಿಗೆ ಒಡೆದು ಗಂಧಕದ ಒಂದು ಸಂಯುಕ್ತ ಹುಟ್ಟುತ್ತದೆ. ಸ್ಕಂಕ್ ಎಂಬ ಪ್ರಾಣಿ ಚಿಮ್ಮಿಸುವ ದುರ್ವಾಸನೆಯ ದ್ರವದಲ್ಲಿರುವಂಥದ್ದೇ. ಕಂದು ಗಾಜು ಆ ಬೆಳಕನ್ನು ಬಹುಪಾಲು ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ತಡೆಯುವುದಿಲ್ಲ, ಬಣ್ಣವಿಲ್ಲದ ಗಾಜು ತಡೆಯುವುದೇ ಇಲ್ಲ. ಎಷ್ಟೋ ಜನ ಈ ವಾಸನೆಯನ್ನೇ ‘ಫಾರಿನ್ ಬಿಯರ್ ವಾಸನೆ’ ಅಂತ ನಂಬಿದ್ದಾರೆ! ಪರೀಕ್ಷೆ ಸುಲಭ. ಒಂದೇ ಬಾಟಲಿಯಿಂದ ಎರಡು ಗ್ಲಾಸು ತುಂಬಿಸಿ, ಒಂದನ್ನು ಕಾಲು ಗಂಟೆ ಬಿಸಿಲಿಗಿಡಿ, ಇನ್ನೊಂದನ್ನು ಕತ್ತಲಲ್ಲಿಡಿ. ಆಮೇಲೆ ಎರಡನ್ನೂ ಮೂಸಿ ನೋಡಿ. ಇನ್ನು, ಹಳತಾದ ಲಾಗರ್ ನೆನೆದ ರಟ್ಟಿನ ವಾಸನೆ ಹೊಡೆಯುತ್ತದೆ, ಅದು ಆಮ್ಲಜನಕದ ಕೆಲಸ.

ಹಾಗಾಗಿ ದೇಶ ನೋಡುವ ಮೊದಲು ತಾರೀಕು ನೋಡಿ. ಲಾಗರ್, ಐಪಿಎ (ಹಾಪ್ಸ್ ಜಾಸ್ತಿ ಹಾಕಿದ ಬಿಯರ್), ಗೋಧಿ ಬಿಯರ್ ಎಷ್ಟು ಹೊಸದೋ ಅಷ್ಟು ಒಳ್ಳೆಯದು, ಸಿಕ್ಕರೆ ಕ್ಯಾನ್ ತೆಗೆದುಕೊಳ್ಳಿ. ಗೂಸ್, ರೋಷ್‌ಫೋರ್‌ನಂಥವು ವರ್ಷಗಟ್ಟಲೆ ಇಟ್ಟರೂ ತಾಳುತ್ತವೆ. ಎಲ್ಲಿ ತಯಾರಾಯಿತು ಅನ್ನುವ ಸಣ್ಣ ಅಕ್ಷರವನ್ನೂ ಓದಿ. ಹೆಸರು ಒಂದು ದೇಶದ್ದು, ಪರವಾನಗಿ ಪಡೆದು ಮಾಡಿದ್ದು ಇನ್ನೊಂದು ದೇಶದಲ್ಲಿ ಅನ್ನುವುದು ಸಾಮಾನ್ಯ.

ಎಂಟು ದೇಶದ ಎಂಟು ಬಗೆ ಬೇಡ. ಹೊಗೆ ಬಿಯರ್‌ಗೂ ಗೂಸ್‌ಗೂ ಒಂದೇ ಅಳತೆಗೋಲು ಹೇಗೆ ಹಿಡಿಯುತ್ತೀರಿ? ಜೋಡಿ ಮಾಡಿ: ಜೆಕ್ ಪಿಲ್ಸ್ನರ್ ಎದುರು ಜರ್ಮನ್ ಪಿಲ್ಸ್, ಬವೇರಿಯಾದ ಗೋಧಿ ಎದುರು ಬೆಲ್ಜಿಯಂನ ಗೋಧಿ. ಬಾಟಲಿಗೆ ಕಾಗದ ಸುತ್ತಿ ಹೆಸರು ಮುಚ್ಚಿ. ತಲೆಗೆ 100 ಮಿಲಿ ಸಾಕು. ಹಗುರವಾದದ್ದು ಮೊದಲು, ಹುಳಿ ಆಮೇಲೆ, ಗಟ್ಟಿಯದು ಕೊನೆಗೆ, ನಡುನಡುವೆ ನೀರು.

ಉತ್ತರ 5

ಇಂಗ್ಲೆಂಡನ್ನು ಎಲ್ಲರೂ ಮರೆತಿದ್ದೀರಿ. ಬಿಸಿ ಬಿಯರ್, ಗ್ಯಾಸಿಲ್ಲದ ಬಿಯರ್ ಅಂತ ಹೀಗಳೆಯುವವರು ಒಮ್ಮೆ ಒಳ್ಳೆಯ ಪಬ್ಬಿನಲ್ಲಿ ಕ್ಯಾಸ್ಕ್ ಏಲ್, ಅಂದರೆ ಪೀಪಾಯಿಯ ಏಲ್ ಕುಡಿಯಬೇಕು. ಏಲ್ ಅಂದರೆ ಲಾಗರ್‌ಗಿಂತ ಬೆಚ್ಚಗೆ ಹುದುಗಿಸುವ ಬಿಯರ್. ಪೀಪಾಯಿಯೊಳಗೆ ಇನ್ನೂ ಜೀವಂತ ಯೀಸ್ಟ್ ಇರುತ್ತದೆ, ನೆಲಮಾಳಿಗೆಯ 12 ಡಿಗ್ರಿ ಆಸುಪಾಸಿನ ತಂಪು, ಮೇಲಿಂದ ಗ್ಯಾಸ್ ತುಂಬದೆ ಕೈಪಂಪಿನಲ್ಲಿ ಎಳೆಯುತ್ತಾರೆ. ಶೇ. 3.8ರ ಬಿಟರ್ ಎಂಬ ಏಲ್‌ನಲ್ಲಿ ಅಷ್ಟು ರುಚಿ ಹೇಗೆ ಹಿಡಿಸಿದರೋ! ದೊಡ್ಡ ಕಂಪನಿಗಳ ಕೈಯಲ್ಲಿ ಇದು ಮರೆಯಾಗುತ್ತಿದ್ದಾಗ 1971ರಲ್ಲಿ ಕುಡಿಯುವವರೇ ಕ್ಯಾಮ್ರಾ ಎಂಬ ಸಂಘ ಕಟ್ಟಿ ಉಳಿಸಿಕೊಂಡರು. ದುಃಖದ ಸಂಗತಿ ಏನೆಂದರೆ ಪೀಪಾಯಿ ತೆರೆದ ಮೂರ್ನಾಲ್ಕು ದಿನಕ್ಕೆ ಅದು ಕೆಡುತ್ತದೆ. ನಿಮ್ಮ ಮೇಜಿಗೆ ಅದು ಬರುವುದು ಸಾಧ್ಯವೇ ಇಲ್ಲ. ಇಂಗ್ಲೆಂಡಿಗೆ ಅಂಕ ಹಾಕಬೇಡಿ, ದಯವಿಟ್ಟು.

ಐರ್ಲೆಂಡಿನ ಗಿನ್ನೆಸ್‌ಗೆ ಆ ತೊಂದರೆ ಕಡಿಮೆ. ಕ್ಯಾನಿನೊಳಗೆ ನೈಟ್ರೋಜನ್ ಬಿಡುವ ಪುಟ್ಟ ಪ್ಲಾಸ್ಟಿಕ್ ಸಾಧನ ಇರುತ್ತದೆ, ಅದರಿಂದಲೇ ಕೆನೆಯಂಥ ನೊರೆ. ಕಪ್ಪಗಿದೆ ಅಂತ ಹೆದರಬೇಡಿ, ಶೇ. 4.2 ಅಷ್ಟೇ. ಹುರಿದ ಬಾರ್ಲಿಯಿಂದ ಕಾಫಿಯ ಕಹಿ ಬರುತ್ತದೆ. ಅದೇ ಹೆಸರಿನ ಫಾರಿನ್ ಎಕ್ಸ್‌ಟ್ರಾ ಸ್ಟೌಟ್ ಬೇರೆ, ಅದು ಶೇ. 7.5. ಒಂದೇ ಹೆಸರಿನ ಇವೆರಡನ್ನು ಎದುರುಬದುರು ಇಟ್ಟರೆ ಒಳ್ಳೆಯ ಜೋಡಿ.

ಉತ್ತರ 6

ಅಮೆರಿಕವನ್ನು ಬಿಡಬೇಡಿ. ಅಲ್ಲಿನದೆಲ್ಲ ನೀರು ಅನ್ನುವ ಮಾತು ಹಳೆಯದಾಯಿತು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ 1980ರಲ್ಲಿ ಕ್ಯಾಸ್ಕೇಡ್ ಹಾಪ್ಸ್ ಹಾಕಿ ಪೇಲ್ ಏಲ್ ಮಾಡಿತು, ಚಕ್ಕೋತದ ಸಿಪ್ಪೆಯ ಪರಿಮಳ. ಈಗ ಲೋಕದ ಸಣ್ಣ ಬ್ರೂವರಿಗಳೆಲ್ಲ ನಡೆಯುತ್ತಿರುವುದು ಆ ದಾರಿಯಲ್ಲೇ. ಜಪಾನ್‌ನ ಅಕ್ಕಿ ಬೆರೆಸಿದ ಲಾಗರ್‌ಗಳನ್ನೂ ಕೀಳಾಗಿ ಕಾಣಬೇಡಿ. ಬಾಯಲ್ಲಿ ಸಿಹಿ ಉಳಿಯದಂತೆ ಕಡಿದು ಹೋಗುವ ಆ ಗುಣ ಬೇಕೆಂದೇ ಮಾಡಿದ್ದು, ಅದೂ ಒಂದು ಕುಶಲತೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಸಾರೆ ಧನ್ಯವಾದ. ನಿನ್ನೆ ಸಂಜೆ ಮುಗಿಸಿದೆವು. ಎಂಟು ದೇಶದ ಪಟ್ಟಿ ಹರಿದು ಹಾಕಿ ಮೂರು ಜೋಡಿ ಮಾಡಿದ್ದೆವು, ಕೊನೆಗೆ ಒಂಟಿಯಾಗಿ ಒಂದು ಗೂಸ್.

ಹೆಸರು ಮುಚ್ಚಿದ್ದರಿಂದ ಜರ್ಮನಿಯ ಪಕ್ಷದವನು ಜೆಕ್ ಪಿಲ್ಸ್ನರನ್ನೇ ಜರ್ಮನಿಯದು ಅಂತ ಆರಿಸಿದ. ಕಾಗದ ಬಿಚ್ಚಿದ ಮೇಲೂ ತನ್ನ ಆಯ್ಕೆ ಬದಲಿಸಲಿಲ್ಲ, ಅದು ನನಗೆ ಹಿಡಿಸಿತು. ಗೋಧಿ ಜೋಡಿಯಲ್ಲಿ ಮೂರು ಮೂರು ಸಮ. ಬಾಳೆಹಣ್ಣು ಇಷ್ಟವಾದವರು ಬವೇರಿಯಾ, ಕಿತ್ತಳೆ ಇಷ್ಟವಾದವರು ಬೆಲ್ಜಿಯಂ. ಎರಡು ಗಿನ್ನೆಸ್ ಒಂದೇ ಮನೆತನದವು ಅಂತ ಒಬ್ಬರೂ ಗುರುತಿಸಲಿಲ್ಲ. ಬಿಸಿಲಿನ ಪರೀಕ್ಷೆಯನ್ನೂ ಮಧ್ಯಾಹ್ನವೇ ಮಾಡಿದೆವು. ಇಷ್ಟು ವರ್ಷ ನಾನು ಇಷ್ಟಪಟ್ಟು ಕುಡಿಯುತ್ತಿದ್ದ ಆ ವಾಸನೆ ಏನೆಂದು ಗೊತ್ತಾಗಿ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಗೂಸ್‌ಗೆ ನಾಲ್ವರು ಮುಖ ಸಿಂಡರಿಸಿದರು. ಬೆಲ್ಜಿಯಂ ಅಂತಿದ್ದವಳೂ ಅವರಲ್ಲಿ ಒಬ್ಬಳು. ನಾನು ಎರಡನೇ ಸಲ ಸುರಿದುಕೊಂಡೆ. ರೋಷ್‌ಫೋರ್ ಬಾಟಲಿಯನ್ನು ತೆಗೆಯಲಿಲ್ಲ, ಇವತ್ತಿನ ತಾರೀಕು ಬರೆದು ಕತ್ತಲ ಕಪಾಟಿನಲ್ಲಿ ನಿಲ್ಲಿಸಿದ್ದೇವೆ. ಎರಡು ವರ್ಷ ಬಿಟ್ಟು ಅದೇ ಆರು ಜನ ಸೇರಿ, ಪಕ್ಕದಲ್ಲಿ ಹೊಸದೊಂದು ಬಾಟಲಿ ಇಟ್ಟುಕೊಂಡು ತೆರೆಯುವುದೆಂದು ಮಾತಾಗಿದೆ.