ಗಂಟು ಪೂರ್ತಿ ತೆಗೆದಾಗಿದೆ ಅಂತಾರೆ, ಮತ್ತೆ ಆಪರೇಷನ್ ಯಾಕೆ?

ತಮ್ಮನ ಅಕ್ಕ:
ನನ್ನ ತಮ್ಮನಿಗೆ 34 ವರ್ಷ. ತೊಡೆಯ ಹಿಂಭಾಗದಲ್ಲಿ 6 ಸೆಂ.ಮೀ. ಗಂಟು ಇತ್ತು, ನೋವೇ ಇರಲಿಲ್ಲ. ಕೊಬ್ಬಿನ ಗಂಟು ಅಂತ ಹೇಳಿ, ಎಂಆರ್‌ಐ ಕೂಡ ಮಾಡಿಸದೆ ತೆಗೆದುಬಿಟ್ಟರು. ಬಯಾಪ್ಸಿಯಲ್ಲಿ ಸಾರ್ಕೋಮಾ (ಸ್ನಾಯು, ಕೊಬ್ಬಿನಂಥ ಭಾಗದಲ್ಲಿ ಹುಟ್ಟುವ ಕ್ಯಾನ್ಸರ್), ಹೈ ಗ್ರೇಡ್, ಅಂದ್ರೆ ಜೋರಾಗಿ ಬೆಳೆಯುವಂಥದ್ದು ಅಂತ ಬಂತು. ‘ಮೂರು ತುಂಡುಗಳಲ್ಲಿ ಬಂದಿದೆ, ಮಾರ್ಜಿನ್ (ಅಂಚು) ಹೇಳಲಾಗದು’ ಅಂತ ಬರೆದಿದ್ದಾರೆ. ಈಗ ಎಂಆರ್‌ಐನಲ್ಲಿ ಗಡ್ಡೆ ಏನೂ ಕಾಣ್ತಿಲ್ಲ. ಆದರೂ ಹೊಸ ಡಾಕ್ಟರು 5 ವಾರ ರೇಡಿಯೇಷನ್ ಕೊಟ್ಟು ಮತ್ತೆ ಆಪರೇಷನ್ ಮಾಡಬೇಕು ಅಂತಾರೆ. ಏನೂ ಇಲ್ಲದ ಜಾಗವನ್ನು ಯಾಕೆ ಕೊಯ್ಯಬೇಕು? ಎಷ್ಟು ಸೆಂಟಿಮೀಟರ್ ತೆಗೀತಾರೆ? ಕಾಲೇ ತೆಗೆಸೋದು ಕ್ಷೇಮ ಅಂತ ನೆಂಟರೊಬ್ಬರು ಹೇಳಿದಾಗಿಂದ ಅವನು ಮಾತೇ ಬಿಟ್ಟಿದ್ದಾನೆ.

ಶಾಯಿ ಬೆರಳು:
ನಾನು ಪೆಥಾಲಜಿಸ್ಟ್. ಥಿಯೇಟರಿನಿಂದ ಬರುವ ಗಡ್ಡೆಗಳನ್ನು ಕೊಯ್ದು ನೋಡುವುದೇ ನನ್ನ ದಿನದ ಕೆಲಸ. ನಿಮ್ಮ ತಮ್ಮನ ಸ್ಲೈಡ್ (ಗಡ್ಡೆಯ ತೆಳು ಹೋಳು ಅಂಟಿಸಿದ ಗಾಜು) ನಾನು ನೋಡಿಲ್ಲ. ಆದರೆ ‘ಮೂರು ತುಂಡು’ ಅಂದರೆ ಏನು ಅಂತ ಚೆನ್ನಾಗಿ ಗೊತ್ತು.

ಸರಿಯಾಗಿ ತೆಗೆದ ಸಾರ್ಕೋಮಾ ನನ್ನ ಮೇಜಿಗೆ ಒಂದೇ ತುಂಡಾಗಿ ಬರುತ್ತದೆ. ಮೇಲ್ಬದಿಗೆ ಗಿಡ್ಡ ದಾರ, ಹೊರಬದಿಗೆ ಉದ್ದ ದಾರ ಕಟ್ಟಿ ಸರ್ಜನ್ ದಿಕ್ಕು ಗುರುತಿಸಿರುತ್ತಾರೆ. ನಾನು ಅದರ ಮೈಗೆಲ್ಲ ಶಾಯಿ ಬಳಿಯುತ್ತೇನೆ, ಒಂದೊಂದು ಮುಖಕ್ಕೆ ಒಂದೊಂದು ಬಣ್ಣ. ಆಮೇಲೆ ಹೋಳು ಮಾಡಿ ಮೈಕ್ರೋಸ್ಕೋಪಿನಲ್ಲಿ ಆ ಬಣ್ಣದ ಗೆರೆ ಹುಡುಕುತ್ತೇನೆ. ಗಡ್ಡೆಯ ಕೋಶ ಗೆರೆಗೆ ತಾಗಿದ್ದರೆ ಆರ್-1, ತಾಗದಿದ್ದರೆ ಆರ್-0. ಕಣ್ಣಿಗೇ ಕಾಣುವಷ್ಟು ಗಡ್ಡೆ ಒಳಗೆ ಉಳಿದಿದ್ದರೆ ಆರ್-2. ಮೂರು ತುಂಡು ಬಂದರೆ ಶಾಯಿ ಎಲ್ಲಿ ಬಳಿಯಲಿ? ಯಾವುದು ನಿಜವಾದ ಅಂಚು, ಯಾವುದು ಗಡ್ಡೆ ಒಡೆದ ಮುಖ, ಗೊತ್ತಾಗುವುದೇ ಇಲ್ಲ. ಇಂಥ ಕಡೆ ಅಂಚಿನಲ್ಲಿ ಕೋಶ ಉಳಿದಿದೆ ಎಂದೇ ಹಿಡಿದು ಮುಂದುವರಿಯಬೇಕು.

ಈ ಗಡ್ಡೆಯ ಸ್ವಭಾವವೂ ಮೋಸದ್ದು. ಬೆಳೆಯುತ್ತಾ ಸುತ್ತಲಿನ ಅಂಗಾಂಶವನ್ನು ಒತ್ತಿ ಒತ್ತಿ ಪೊರೆಯಂಥದ್ದೊಂದು ಮಾಡಿಕೊಳ್ಳುತ್ತದೆ. ಅದರ ಗುಂಟ ಬಿಡಿಸಿದರೆ ಗಂಟು ಸಲೀಸಾಗಿ ಕೈಗೆ ಬರುತ್ತದೆ, ಪೂರ್ತಿ ಬಂತು ಅನ್ನಿಸುತ್ತದೆ. ಆದರೆ ಆ ಪೊರೆಯಲ್ಲೂ ಅದರಾಚೆಗೂ ಕೋಶಗಳಿರಬಹುದು. ಅವು ಎಂಆರ್‌ಐಗೆ ಕಾಣುವುದಿಲ್ಲ, ಅದರಲ್ಲಿ ಕಾಣಬೇಕಾದರೆ ಗಡ್ಡೆ ಗಡ್ಡೆಯಾಗಿಯೇ ಇರಬೇಕು. ಹೀಗೆ ಗೊತ್ತಿಲ್ಲದೆ ತೆಗೆದ ಜಾಗವನ್ನು ಮತ್ತೆ ತೆಗೆದು ನೋಡಿದಾಗ ಬಹಳ ಜನರಲ್ಲಿ ಉಳಿಕೆ ಸಿಕ್ಕಿದೆ, ಕೆಲವು ವರದಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ.

ಇನ್ನು ಕಾಲು ತೆಗೆಸುವ ಮಾತು. ತಮ್ಮನಿಗೆ ಇದನ್ನು ಇವತ್ತೇ ಓದಿ ಹೇಳಿ. 1982ರಲ್ಲೇ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯವರು 43 ರೋಗಿಗಳ ಪ್ರಯೋಗದ ಫಲಿತಾಂಶ ಪ್ರಕಟಿಸಿದರು: ಒಂದು ಗುಂಪಿಗೆ ಕೈಕಾಲು ತೆಗೆದರು, ಇನ್ನೊಂದಕ್ಕೆ ಉಳಿಸಿ ರೇಡಿಯೇಷನ್ ಕೊಟ್ಟರು. ಉಳಿಸಿದವರಲ್ಲಿ ಕೆಲವರಿಗೆ ಅದೇ ಜಾಗದಲ್ಲಿ ಮರುಕಳಿಸಿತು ನಿಜ, ಆದರೆ ಬದುಕುಳಿಯುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ಎಡಗಾಲು:
ಅಕ್ಕಾ, ನನಗೂ ಹೀಗೇ ಆಗಿತ್ತು, ಮೀನಖಂಡದಲ್ಲಿ. ಸ್ಕ್ಯಾನ್ ಕ್ಲೀನ್ ಇತ್ತು. ಎರಡನೇ ಸಲ ಹಳೇ ಗಾಯದ ಗೆರೆ, ಡ್ರೈನ್ ನಳಿಕೆ ಹಾಕಿದ್ದ ತೂತು ಎಲ್ಲ ಸೇರಿಸಿ ತೆಗೆದರು. ಅದರೊಳಗೆ 4 ಮಿ.ಮೀ. ಗಡ್ಡೆ ಸಿಕ್ಕಿತು. ರೇಡಿಯೇಷನ್ ಮೊದಲೇ ಆಗಿದ್ದರಿಂದ ಗಾಯ ಮಾಯೋಕೆ ಎರಡು ತಿಂಗಳು ಬೇಕಾಯ್ತು, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಈಗ ಮೆಟ್ಟಿಲು ಹತ್ತುತ್ತೀನಿ.

ತಮ್ಮನ ಅಕ್ಕ:
ಓದಿ ಹೇಳಿದೆ. ‘4 ಮಿ.ಮೀ. ಅಂದ್ರೆ ಎಷ್ಟು, ತೋರ್ಸು’ ಅಂತ ಸ್ಕೇಲ್ ತರಿಸಿ ನೋಡಿದ. ಮೇಡಂ, ಎಷ್ಟು ದೂರ ತೆಗೀತಾರೆ ಅನ್ನೋದು ಹೇಳಲಿಲ್ಲ. ಅಲ್ಲಿ ದೊಡ್ಡ ನರ ಇದೆಯಂತೆ.

ಶಾಯಿ ಬೆರಳು:
ಹೌದು, ಸಯಾಟಿಕ್ ನರ. ಎಲ್ಲ ದಿಕ್ಕಿಗೂ ಒಂದೇ ಅಳತೆ ಇಲ್ಲ. ಕೊಬ್ಬು, ಸ್ನಾಯು ಇರುವ ಕಡೆ ಒಂದೆರಡು ಸೆಂ.ಮೀ. ಸಿಕ್ಕರೆ ಒಳ್ಳೆಯದು. ಸ್ನಾಯುವಿನ ಮೇಲಿನ ಬಿಳಿ ಪೊರೆ, ಮೂಳೆಯ ಪೊರೆ, ನರದ ಹೊದಿಕೆ ಇವು ತೆಳುವಾದರೂ ಗೋಡೆ ಇದ್ದಂತೆ. ರಿಪೋರ್ಟಿನಲ್ಲಿ ‘ಅಂಚು 1 ಮಿ.ಮೀ.’ ಅಂತ ಓದಿ ಜನ ಕಂಗಾಲಾಗುತ್ತಾರೆ. ಆ 1 ಮಿ.ಮೀ. ಬರೀ ಕೊಬ್ಬೋ, ಗಟ್ಟಿ ಪೊರೆಯೋ ಅನ್ನುವುದು ನನಗೆ ಅಂಕಿಗಿಂತ ಮುಖ್ಯ. ಮೊದಲೇ ರೇಡಿಯೇಷನ್ ಕೊಟ್ಟು, ನರದ ಹೊದಿಕೆಯನ್ನಷ್ಟೇ ಸುಲಿದು ನರ ಉಳಿಸುವುದು ಯೋಚಿಸಿ ಇಟ್ಟ ಕಿರಿದಾದ ಅಂಚು. ಅದಕ್ಕೂ ಅರಿಯದೆ ಗಡ್ಡೆಯೊಳಗೇ ಚಾಕು ಹಾಯಿಸಿದ್ದಕ್ಕೂ ಬಹಳ ಅಂತರ.

ಆಪರೇಷನ್‌ಗೆ ಮೊದಲು ರೇಡಿಯೇಷನ್ ಸಾಮಾನ್ಯವಾಗಿ 25 ಸಲ, ಒಟ್ಟು 50 ಗ್ರೇ (ರೇಡಿಯೇಷನ್ ಡೋಸಿನ ಅಳತೆ) ಕೊಡುತ್ತಾರೆ. ಆಪರೇಷನ್ ನಂತರ ಕೊಡುವುದಾದರೆ 60ರಿಂದ 66 ಬೇಕು. ಕೆನಡಾದ 2002ರ ಪ್ರಯೋಗದಲ್ಲಿ ಮೊದಲೇ ಕೊಟ್ಟವರಲ್ಲಿ ಶೇ. 35 ಮಂದಿಗೆ ಗಾಯದ ತೊಂದರೆ ಆಯಿತು, ನಂತರ ಕೊಟ್ಟವರಲ್ಲಿ ಶೇ. 17. ಆದರೆ ಮೊದಲೇ ಕೊಟ್ಟರೆ ಕಡಿಮೆ ಡೋಸ್, ಚಿಕ್ಕ ಜಾಗ ಸಾಕಾಗುತ್ತದೆ, ವರ್ಷಗಳ ಮೇಲೆ ಕಾಲು ಬಿಗಿಯುವುದು ಕಡಿಮೆ. 34ರ ಹುಡುಗನಿಗೆ ನಾನಾದರೂ ಇದನ್ನೇ ಬಯಸುತ್ತಿದ್ದೆ.

ಮೊದಲ ಆಸ್ಪತ್ರೆಯಿಂದ ಸ್ಲೈಡು, ಗಡ್ಡೆಯ ತುಂಡು ಹುದುಗಿಸಿಟ್ಟ ಮೇಣದ ಬ್ಲಾಕು, ಆಪರೇಷನ್ ನೋಟ್ಸ್ ತನ್ನಿ. ಸಾರ್ಕೋಮಾ ನೋಡಿ ಪಳಗಿದ ಪೆಥಾಲಜಿಸ್ಟ್ ಇನ್ನೊಮ್ಮೆ ನೋಡಲೇಬೇಕು.

ತಮ್ಮನ ಅಕ್ಕ:
ನಾಳೆ ಬೆಳಗ್ಗೆಯೇ ಹೋಗ್ತೀನಿ ಮೇಡಂ.

ಶಾಯಿ ಬೆರಳು:
ಬ್ಲಾಕನ್ನು ಬಿಸಿಲಿಗೆ ನಿಂತ ಕಾರಿನಲ್ಲಿ ಬಿಡಬೇಡಿ, ಮೇಣ ಕರಗುತ್ತದೆ. ಸ್ಲೈಡಿನ ಡಬ್ಬಿ ಕೈಚೀಲದಲ್ಲಿ ನಿಮ್ಮ ಜೊತೆಯಲ್ಲೇ ಇರಲಿ.