ಸಹಾಯ ಬೇಕು: ಪಾದ ತೊಳೆಸಿಕೊಳ್ಳಲು ಒಪ್ಪದ ಅಜ್ಜಿಗೆ ಹೇಗೆ ಹೇಳಲಿ?

ಎಲ್ಲರಿಗೂ ನಮಸ್ಕಾರ. ಮಂಡ್ಯ ಹತ್ತಿರದ ಹಳ್ಳಿಯವಳು ನಾನು. ಪವಿತ್ರ ಗುರುವಾರ (ಈಸ್ಟರ್‌ಗೆ ಮುಂಚಿನ ಗುರುವಾರ), ಯೇಸು ತಮ್ಮ ಶಿಷ್ಯರ ಪಾದ ತೊಳೆದ ನೆನಪಿಗೆ, ನಮ್ಮ ಚರ್ಚಿನಲ್ಲಿ ಫಾದರ್ 12 ಜನರ ಪಾದ ತೊಳೆಯುತ್ತಾರೆ. ಈ ಸಲ ಚರ್ಚ್ ಗುಡಿಸುವ ಅಜ್ಜಿಯನ್ನೂ ಕೂರಿಸಬೇಕು ಅಂತ ನಮ್ಮ ಆಸೆ. ಹೆಂಗಸರನ್ನೂ ಕೂರಿಸಬಹುದು ಅಂತ ಪೋಪ್ ಫ್ರಾನ್ಸಿಸ್ 2016ರಲ್ಲೇ ನಿಯಮ ಬದಲಿಸಿದ್ದಾರೆ.

ಅಜ್ಜಿ ಮಾತ್ರ ಒಪ್ಪುತ್ತಿಲ್ಲ. ಕಬ್ಬಿನ ಗದ್ದೆಯಲ್ಲಿ ದುಡಿದು ಒಡೆದ ಹಿಮ್ಮಡಿಯನ್ನು ಸೀರೆ ಅಂಚಿನಲ್ಲಿ ಮುಚ್ಚಿಕೊಂಡು, "ಈ ಕಾಲ ಫಾದರ್ ಮುಟ್ಟೋದಾ? ಬ್ಯಾಡ ಕಣವ್ವ" ಅಂದರು. ನನಗೆ ಕಣ್ಣು ತುಂಬಿ ಬಂತು. ಯೇಸು ಪಾದ ತೊಳೆಯಲು ಬಂದಾಗ ಶಿಷ್ಯ ಪೇತ್ರರೂ ಮೊದಲು ಬೇಡ ಅಂದವರೇ ಅಲ್ವಾ (ಯೊವಾನ್ನರ ಶುಭಸಂದೇಶ, 13ನೇ ಅಧ್ಯಾಯ)? ಸೇವೆ ಮಾಡುವುದಕ್ಕಿಂತ ಮಾಡಿಸಿಕೊಳ್ಳುವುದಕ್ಕೇ ಜಾಸ್ತಿ ದೀನತೆ ಬೇಕು ಅನಿಸುತ್ತದೆ.

ಮೈಸೂರು, ಮಂಡ್ಯ ಕಡೆ ಯಾರಾದರೂ ಹೀಗೆ ಹಿರಿಯರನ್ನು ಒಪ್ಪಿಸಿದ್ದೀರಾ? ಅವರಿಗೆ ನಾಚಿಕೆಯಾಗದ ಹಾಗೆ ಹೇಗೆ ಹೇಳಿದಿರಿ, ದಯವಿಟ್ಟು ತಿಳಿಸಿ.