ಹಾಳೆ ಕತ್ತರಿಸುವ ನಿಯಮ ದೇಶದ ಗಡಿಯಲ್ಲಿ ಯಾಕೆ ನಿಂತುಬಿಡುತ್ತದೆ?

ಅರ್ಧ ಓದಿದವಳು:

ಮೊದಲೇ ಹೇಳಿಬಿಡುತ್ತೇನೆ, ನಾನು ತತ್ವಶಾಸ್ತ್ರ ಓದಿದವಳಲ್ಲ. ಲೆಕ್ಕ ಬರೆಯುವ ಕೆಲಸ. ಆದರೆ ಒಂದು ವಿಷಯ ಎರಡು ವಾರದಿಂದ ತಲೆ ತಿನ್ನುತ್ತಿದೆ.

ಚಿಕ್ಕವರಿದ್ದಾಗ ಬಣ್ಣದ ಹಾಳೆಗಾಗಿ ನನಗೂ ಅಣ್ಣನಿಗೂ ದಿನಾ ಜಗಳ. ಸಾಕಾಗಿ ಅಮ್ಮ ಒಂದು ನಿಯಮ ಮಾಡಿದಳು: ಒಬ್ಬರು ಕತ್ತರಿಸಿ, ಇನ್ನೊಬ್ಬರು ಮೊದಲು ಆರಿಸಿಕೊಳ್ಳಿ. ಅವತ್ತು ಅಣ್ಣ ಕತ್ತರಿಸಿದ್ದನ್ನು ನೋಡಬೇಕಿತ್ತು. ಸ್ಕೇಲ್ ಇಟ್ಟ, ಎರಡೂ ತುದಿಯಲ್ಲಿ ಪೆನ್ಸಿಲ್ ಚುಕ್ಕೆ ಹಾಕಿದ, ಮಡಚಿದ, ಬಿಡಿಸಿ ಬೆಳಕಿಗೆ ಹಿಡಿದ, ಮತ್ತೆ ಮಡಚಿದ. ನ್ಯಾಯದ ಮೇಲೆ ಪ್ರೀತಿ ಉಕ್ಕಿ ಬಂದಿತ್ತು ಅಂತಲ್ಲ. ಯಾವ ತುಂಡು ತನಗೆ ಉಳಿಯುತ್ತದೆ ಅಂತ ಗೊತ್ತಿರಲಿಲ್ಲ, ಅಷ್ಟೇ.

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಮುಂದಿಟ್ಟ 'ಅಜ್ಞಾನದ ಪರದೆ' ಹೆಚ್ಚುಕಡಿಮೆ ಇದೇ ಅಲ್ವಾ? ಶ್ರೀಮಂತರ ಮನೆಯಲ್ಲಿ ಹುಟ್ಟುತ್ತೀರೋ ಬಡವರ ಮನೆಯಲ್ಲೋ, ಏನೂ ಗೊತ್ತಿಲ್ಲದೆ ಸಮಾಜದ ನಿಯಮ ಬರೆಯಿರಿ ಅನ್ನುತ್ತಾರೆ. ಹಾಗೆ ಬರೆದರೆ, ಎಲ್ಲರಿಗಿಂತ ಕೆಳಗಿರುವವರಿಗೂ ಲಾಭವಾಗುವಷ್ಟು ಅಸಮಾನತೆಗೆ ಮಾತ್ರ ಒಪ್ಪುತ್ತೀರಂತೆ. ಇಲ್ಲಿಯವರೆಗೆ ಸರಿ. ಆದರೆ ಇದೇ ರಾಲ್ಸ್ 1999ರಲ್ಲಿ, ದೇಶ ದೇಶಗಳ ನಡುವೆ ಈ ನಿಯಮ ಬೇಕಿಲ್ಲ ಎಂದುಬಿಟ್ಟರು. ಕಷ್ಟದಲ್ಲಿರುವ ಸಮಾಜ ತನ್ನ ಕಾಲ ಮೇಲೆ ನಿಲ್ಲುವಷ್ಟು ನೆರವಾದರೆ ಸಾಕು ಅಂದರು.

ಯಾವ ಮನೆ ಅನ್ನುವುದು ಅದೃಷ್ಟವಾದರೆ ಯಾವ ದೇಶ ಅನ್ನುವುದೂ ಅದೃಷ್ಟವೇ ತಾನೆ? ಅರ್ಥಶಾಸ್ತ್ರಜ್ಞ ಬ್ರಾಂಕೊ ಮಿಲಾನೊವಿಚ್ ಲೆಕ್ಕ ಹಾಕಿದ್ದಾರೆ. ಜಗತ್ತಿನ ಜನರ ಆದಾಯದಲ್ಲಿರುವ ಏರುಪೇರಿನಲ್ಲಿ ಅರ್ಧಕ್ಕಿಂತ ಜಾಸ್ತಿ, ಅವರು ಯಾವ ದೇಶದಲ್ಲಿದ್ದಾರೆ ಅನ್ನುವುದೊಂದರಿಂದಲೇ ಬರುತ್ತದೆ. ಹಾಗಿದ್ದ ಮೇಲೆ ಪರದೆ ಗಡಿಯಲ್ಲಿ ಯಾಕೆ ನಿಲ್ಲಬೇಕು?

ಕಿಟಕಿ ಸೀಟು:

ರಾಲ್ಸ್ ಪರವಾಗಿ ಎರಡು ಮಾತು. ಅವರೇ ಕೊಟ್ಟ ಉದಾಹರಣೆ ಇದು: ಒಂದೇ ಮಟ್ಟದಲ್ಲಿದ್ದ ಎರಡು ದೇಶಗಳು. ಒಂದು ಉಳಿತಾಯ ಮಾಡಿ ಕೈಗಾರಿಕೆ ಕಟ್ಟಿತು. ಇನ್ನೊಂದು ನಿಧಾನದ ಬದುಕೇ ಸಾಕು ಅಂದುಕೊಂಡಿತು. ಕೆಲವು ದಶಕ ಕಳೆದ ಮೇಲೆ ಮೊದಲನೆಯದು ಎರಡನೆಯದಕ್ಕೆ ಪಾಲು ಕೊಡಬೇಕಾ?

ಇನ್ನೊಂದು, ತತ್ವಜ್ಞಾನಿ ಹ್ಯಾರಿ ಫ್ರಾಂಕ್‌ಫರ್ಟ್ 1987ರಲ್ಲೇ ಹೇಳಿದ್ದು. ಎಲ್ಲರಿಗೂ ಸಮ ಇರಬೇಕು ಅನ್ನುವುದಲ್ಲ, ಎಲ್ಲರಿಗೂ ಸಾಕಷ್ಟು ಇರಬೇಕು ಅನ್ನುವುದೇ ಮುಖ್ಯ. ನನ್ನ ಹತ್ತಿರ ಇರುವುದು ಸಾಲದಿದ್ದರೆ ಅದು ತೊಂದರೆ. ಪಕ್ಕದವನ ಹತ್ತಿರ ಜಾಸ್ತಿ ಇದೆ ಅನ್ನುವುದು ಸುಮ್ನೆ ಹೊಟ್ಟೆಕಿಚ್ಚು.

ಹಳೆ ನಕ್ಷೆ:

ಒಂದೇ ಮಟ್ಟದಲ್ಲಿದ್ದ ಎರಡು ದೇಶಗಳು! ಎಲ್ಲಿದ್ದವು ಅವು?

ಕೆರಿಬಿಯನ್‌ನ ಹೈಟಿಯ ವಿಷಯ ತಗೊಳ್ಳಿ. ಗುಲಾಮರೇ ದಂಗೆಯೆದ್ದು 1804ರಲ್ಲಿ ಫ್ರಾನ್ಸ್‌ನಿಂದ ಬಿಡಿಸಿಕೊಂಡ ದೇಶ. 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ತಂದು ನಿಲ್ಲಿಸಿ 15 ಕೋಟಿ ಫ್ರಾಂಕ್ ಕೇಳಿತು. ಯಾರಿಗೆ ಪರಿಹಾರ? ಗುಲಾಮರಾಗಿ ದುಡಿದವರಿಗಲ್ಲ, ಅವರನ್ನು ಕಳೆದುಕೊಂಡ ಮಾಲೀಕರಿಗೆ. ಮೊದಲ ಕಂತು ಕಟ್ಟಲು ಫ್ರಾನ್ಸ್‌ನ ಬ್ಯಾಂಕಿನಿಂದಲೇ ಸಾಲ ಎತ್ತಬೇಕಾಯಿತು. 1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಆದರೂ ಇದರ ಬೆನ್ನಿಗೆ ಬೆಳೆದ ಸಾಲಗಳು ಪೂರ್ತಿ ತೀರಿದ್ದು 1947ರಲ್ಲಿ. ಇದನ್ನು ನಿಧಾನದ ಬದುಕು ಆರಿಸಿಕೊಂಡ ದೇಶ ಅನ್ನೋಣವೇ?

ಅರ್ಧ ಓದಿದವಳು:

1947 ಅಂತ ಓದಿ ಒಂದು ಸಲ ನಿಂತೆ. ನಾನು ಲೆಕ್ಕದವಳು, ಬಡ್ಡಿ ಕಾಲಂ ಕಣ್ಣ ಮುಂದೆ ಬಂತು.

ಕಿಟಕಿ ಸೀಟು ಅವರೇ, 'ಸಾಕಷ್ಟು' ಅನ್ನುವ ಮಾತು ನನಗೂ ಹಿಡಿಸಿತು. ಆದರೆ ಎಷ್ಟಿದ್ದರೆ ಸಾಕು ಅಂತ ಯಾರು ಹೇಳಬೇಕು? ಜಾಸ್ತಿ ಇದ್ದವರೇ ಹೇಳುವುದಾದರೆ ಅದು ಬರೀ ಹೊಟ್ಟೆಕಿಚ್ಚಿನ ಪ್ರಶ್ನೆ ಅಲ್ಲ.

ಮೂರನೇ ಬೆಂಚು:

ಯಾರು ಹೇಳಬೇಕು ಅಂದಿರಲ್ಲ, ಅದಕ್ಕೇ ಈ ಮಾತು. ಕಷ್ಟದಲ್ಲಿರುವ ದೇಶಗಳಿಗೆ ಸಾಲ ಕೊಡುವ ಐಎಂಎಫ್‌ನಲ್ಲಿ (ಅಂತರರಾಷ್ಟ್ರೀಯ ಹಣಕಾಸು ನಿಧಿ) ದೇಶಕ್ಕೊಂದು ಮತ ಇಲ್ಲ. ದೊಡ್ಡ ಆರ್ಥಿಕತೆಗೆ ದೊಡ್ಡ ಮತ. ಅಮೆರಿಕದ ಬಳಿ ಶೇ 16ಕ್ಕಿಂತ ಜಾಸ್ತಿ ಇದೆ. ಮತಗಳ ಪಾಲು ಬದಲಿಸುವಂಥ ತೀರ್ಮಾನಕ್ಕೆ ಶೇ 85 ಬೇಕು. ಕಳೆದು ನೋಡಿ, ಅಮೆರಿಕ ಒಪ್ಪದಿದ್ದರೆ ಶೇ 85 ಆಗುವುದೇ ಇಲ್ಲ. ಬೆಳೆಯುತ್ತಿರುವ ದೇಶಗಳಿಗೆ ಪಾಲು ಹೆಚ್ಚಿಸಲು 2010ರಲ್ಲೇ ಒಪ್ಪಂದವಾಯಿತು. ಅಮೆರಿಕದ ಸಂಸತ್ತು ಒಪ್ಪಿಗೆ ಕೊಟ್ಟಿದ್ದು 2015ರ ಡಿಸೆಂಬರ್‌ನಲ್ಲಿ, ಜಾರಿಯಾಗಿದ್ದು 2016ರಲ್ಲಿ. ನಿಮ್ಮಮ್ಮನ ನಿಯಮ ಇಲ್ಲಿ ನಡೆಯಲ್ಲ. ಕತ್ತರಿಸುವವರೂ ಅವರೇ, ಮೊದಲು ಆರಿಸುವವರೂ ಅವರೇ.

ಅರ್ಧ ಓದಿದವಳು:

ಇಷ್ಟನ್ನೂ ಅಣ್ಣನಿಗೆ ಕಳಿಸಿದೆ. ಅವನ ಉತ್ತರ: "ಹೇಗೆ ಕತ್ತರಿಸಬೇಕು ಅಂತ ಎಲ್ಲರೂ ಕೇಳ್ತೀರ. ಹಾಳೆ ತಂದವರು ಯಾರು ಅಂತ ಒಬ್ಬರೂ ಕೇಳಲ್ಲ."

ಪಾಯಿಂಟ್ ಚೆನ್ನಾಗಿದೆ, ಒಪ್ಪಬೇಕು. ತತ್ವಜ್ಞಾನಿ ರಾಬರ್ಟ್ ನೋಜಿಕ್ 1974ರಲ್ಲಿ ರಾಲ್ಸ್‌ಗೆ ಹಾಕಿದ ಪಟ್ಟೂ ಇದೇ: ಸಂಪತ್ತು ಆಕಾಶದಿಂದ ಬೀಳುವುದಿಲ್ಲ, ಯಾರೋ ದುಡಿದು ತಂದಿರುತ್ತಾರೆ. ಆದರೆ ಅದೇ ನೋಜಿಕ್, ಸಂಪತ್ತು ಕೈಗೆ ಬಂದ ದಾರಿ ತಪ್ಪಾಗಿದ್ದರೆ ಅದನ್ನು ಸರಿಪಡಿಸಲೇಬೇಕು ಅಂತಲೂ ಹೇಳುತ್ತಾರೆ. ಆ ದಾರಿಯಲ್ಲಿ ಹೋದರೂ ಮತ್ತೆ ಹೈಟಿಗೇ ಬಂದು ನಿಲ್ಲುತ್ತೇವೆ.

ಅಂದಹಾಗೆ ಹಾಳೆ ತಂದವನು ಅಣ್ಣನೇ, ನಿಜ. ದುಡ್ಡು ಮಾತ್ರ ನನ್ನ ಉಳಿತಾಯದ ಡಬ್ಬಿಯದು. ಅದನ್ನೂ ಬರೆದು ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.